ಯಾರೂ ಉತ್ತರಿಸದ ಪಾಠ

ನಾಗರಿಕತೆಯ ಬುಡವನ್ನೇ ಅಲುಗಾಡಿಸುವ ಘಟನೆಯೊಂದು ಆ ಮಧ್ಯಾಹ್ನ ನಡೆದುಹೋಯಿತು. ಉಗುರಿನಗಲದ ಒಂದು ಮೆಮೊರಿ ಕಾರ್ಡು ಕಾಣೆಯಾಯಿತು.

ದೂರು ಕೊಡಲು ಮಕ್ಕಳ ಹಿಂಡೇ ಠಾಣೆಗೆ ನುಗ್ಗಿತು. ಇನ್ಸ್‌ಪೆಕ್ಟರಮ್ಮ ಅರ್ಧ ಕುಡಿದ ಚಹಾ ಬಿಟ್ಟು ಎದ್ದಳು. ಕಾರಣವಿತ್ತು. ಆ ಓಣಿಗೆ ಇಂಟರ್ನೆಟ್ ಇಲ್ಲ. ವಿಡಿಯೋ ಪಾಠಗಳು ಕಾರ್ಡಿನೊಳಗೆ ಕೂತು, ಬಸ್ಸು ಹತ್ತಿ ಬಂದು, ಓಣಿಯ ಕೊನೆಯ ಹಾಲ್‌ನ ಗೋಡೆಯ ಮೇಲೆ ಮೂಡುತ್ತವೆ. ಕಳೆದದ್ದು ವರ್ಷದ ಕೊನೆಯ ಕಾರ್ಡು, ಭಿನ್ನರಾಶಿಯದು. ಬೆಳಗಾದರೆ ಪರೀಕ್ಷೆ.

ಇನ್ನೊಂದು ಕಾರಣವೂ ಇತ್ತು. ಹಾಲ್‌ನ ಬೀಗದ ಕೈ ಅವಳ ದೊಡ್ಡಮ್ಮನ ಸೊಂಟದಲ್ಲಿರುತ್ತಿತ್ತು.

*

ಹಾಲ್‌ನ ಕಿಟಕಿ ಪರದೆಗಳು ಮುಚ್ಚಿದ್ದವು. ನೀಲಿ ಬಟ್ಟೆಯಲ್ಲಿ ಸೋಸಿದ ಬೆಳಕು. ಎಲ್ಲಿಗೂ ಹೋಗುವ ಅವಸರವಿಲ್ಲದೆ ಧೂಳಿನ ಕಣಗಳು ತೇಲುತ್ತಿದ್ದವು. ಯಾರೋ ಕೋಣೆಯನ್ನು ನೀರಿನಡಿ ಇಟ್ಟು ಮರೆತಂತಿತ್ತು.

"ಈಗಷ್ಟೇ ಬಾಗಿಲು ತೆಗ್ದೆ ಕಣೇ. ಕಾರ್ಡಿನ ಡಬ್ಬಿ ಖಾಲಿ. ಕಳ್ಳನ ಕೈ ಸೇದ್ಹೋಗ!" ಎಂದಳು ದೊಡ್ಡಮ್ಮ.

"ಪ್ರೊಜೆಕ್ಟರ್ ಬಿಟ್ಟು ಕಾರ್ಡ್ ಯಾಕೆ ಕದ್ದ?"

"ಹಗುರ ಅಲ್ವಾ!"

ಬೀಗ ಒಡೆದಿರಲಿಲ್ಲ. ಮಕ್ಕಳ ತೀರ್ಪು ಆಗಲೇ ಹೊರಬಿದ್ದಿತ್ತು: ಪಕ್ಕದ ಮೊಬೈಲ್ ಅಂಗಡಿಯವನೇ. ಹಳೇ ಕಾರ್ಡು ಒರೆಸಿ ಹೊಸದೆಂದು ಮಾರುವ ಆಸಾಮಿ.

*

"ನಾನಾ? ಆ ಪ್ರೊಜೆಕ್ಟರ್ ವೈರಿಗೆ ವರ್ಷಪೂರ್ತಿ ಬಿಟ್ಟಿ ಬೆಸುಗೆ ಹಾಕಿದೀನಿ ಮೇಡಂ!" ಎಂದ ಅಂಗಡಿಯವನು.

"ಬೆಳಿಗ್ಗೆ ಏನಾದ್ರೂ ಕೇಳಿಸ್ತಾ?"

"ಗೋಡೆ ಆಚೆ ಆ ವಿಡಿಯೋ ಟೀಚರ್ ಧ್ವನಿ ಕೇಳಿಸ್ತು. ಆದ್ರೆ ಒಂಥರಾ ಭಣಭಣ. ಅವರು ಪ್ರಶ್ನೆ ಕೇಳಿ ಕಾಯ್ತಾರಲ್ಲ, ಆಗ ಮಕ್ಕಳು ಹೋ ಅಂತ ಸೂರು ಹಾರಿಸ್ತಾವೆ. ಇವತ್ತು ಯಾರೂ ಉತ್ತರಾನೇ ಕೊಡ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಹಾಲ್‌ಗೆ ಹಿಂತಿರುಗಿದಳು.

*

ಮಕ್ಕಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಳು.

"ಪಾಠ ಮುಗಿದ ತಕ್ಷಣ ಪರದೆ ಸರಿಸೋದು ನಿನ್ನ ಪದ್ಧತಿ. ನಾನು ಬಂದಾಗ ಮುಚ್ಚೇ ಇತ್ತು. ಅಂದ್ರೆ ಬೆಳಿಗ್ಗೆ ಯಾರೋ ಕಾರ್ಡ್ ಹಾಕ್ಕೊಂಡು ನೋಡಿದಾರೆ. ಮಕ್ಕಳಲ್ಲ, ಗಲಾಟೆ ಇರ್ಲಿಲ್ಲ. ಬೀಗ ನೆಟ್ಟಗಿದೆ. ಹೊಸ ಕಾರ್ಡ್ ಸರಿಯಿದೆಯಾ ಅಂತ ಮೊದಲು ಹಾಕಿ ನೋಡೋರು ಒಬ್ಬರೇ. ಸೇದ್ಹೋಗ ಅಂದ್ಯಲ್ಲ, ಕೈ ಹೇಗಿದೆ, ದೊಡ್ಡಮ್ಮಾ?"

ದೊಡ್ಡಮ್ಮ ಕನ್ನಡಕದ ಡಬ್ಬಿ ತೆರೆದಳು. ಒರೆಸುವ ಬಟ್ಟೆಯ ಮಡಿಕೆಯಲ್ಲಿ ಕಾರ್ಡು ಮಲಗಿತ್ತು.

"ಪಾಠದ ಕೊನೇಲಿ ಆ ಟೀಚರಮ್ಮ, ಇನ್ನು ನಾನು ಬರಲ್ಲ ಅಂತಾಳೆ ಕಣೇ. ಈ ಪಾಠ ಹಾಕ್ದೇ ಇದ್ರೆ ಅವಳಿನ್ನೂ ಹೋಗಿಲ್ಲ ತಾನೇ?"

"ಮಕ್ಕಳ ಪರೀಕ್ಷೆ?"

ದೊಡ್ಡಮ್ಮ ಕಾರ್ಡನ್ನು ಅವಳ ಕೈಗಿಟ್ಟಳು. "ನಲವತ್ತು ವರ್ಷ ಸಂಸಾರ ಮಾಡ್ದೆ. ಅರ್ಥ ಆಯ್ತಾ ಅಂತ ನನ್ನ ಕೇಳಿದ್ದು ಅವಳೊಬ್ಳೇ."

ಇದಕ್ಕೆ ಯಾವ ಕಾನೂನಿನಲ್ಲೂ ಕಲಮಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಹೋಗಿ ಬಾಗಿಲು ತೆರೆದಳು.

*

ಗೋಡೆಯ ಮೇಲೆ ಟೀಚರ್ ಮೂಡಿದಳು. ಸೇಬನ್ನು ಕಾಲು ಮಾಡಿದಳು, ಅರೆಕಾಲು ಮಾಡಿದಳು. ಹೋಳುಗಳು ನೀಲಿ ಮಬ್ಬಿನಲ್ಲಿ ಒಂದೊಂದಾಗಿ ದೂರ ಸರಿದವು. ಕೊನೆಗೆ, "ನಾನಿನ್ನು ಬರಲ್ಲ. ಮುಂದೆ ನೀವೇ ಓದ್ಕೊಳ್ತೀರಾ?" ಎಂದು ಕೇಳಿ, ಎಂದಿನಂತೆ ಕಾದಳು.

"ಹೂಂ!" ಎಂದಿತು ಇಡೀ ಹಾಲ್. ಹಿಂದಿನ ಸಾಲಿನಿಂದ ಇನ್ನೊಂದು ದನಿ ತುಸು ತಡವಾಗಿ ಬಂದು ಸೇರಿಕೊಂಡಿತು.

ಮಕ್ಕಳು ದೂರು ವಾಪಸ್ ಪಡೆದರು. ಕಾರ್ಡು ಸಂಜೆಯ ಬಸ್ಸಿಗೆ ಬಂದಲ್ಲಿಗೇ ಮರಳಿತು.