ಒಂಬತ್ತು ಗಂಟಿನ ಆಕ್ಸಲ್

“ಅದೊಂದು ಬೇಡ ಸರ್” ಎಂದ ಮಲ್ಲಿಕ್. ಭದ್ರಾವತಿಯ ತನ್ನ ಗುಜರಿಯಲ್ಲಿ ಮೂವತ್ತು ವರ್ಷದಿಂದ ಲಾರಿ ಬಿಚ್ಚಿ ಮಾರುತ್ತಿದ್ದವನು, ತನ್ನ ಮಾಲನ್ನೇ ಬೇಡ ಅನ್ನುತ್ತಿದ್ದ. ಶ್ರೇಯಸ್‌ಗೆ ನಗು ಬಂತು. ಶಿವಮೊಗ್ಗದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುವ ಮಹಾಶಯ ಇವನು. ತನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಪೆದ್ದರು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಮನೆಯಲ್ಲಿ ಕೆಟ್ಟು ನಿಂತಿದ್ದ ಅಜ್ಜನ ಕಾಲದ ಲಾರಿಗೆ ಹಿಂದಿನ ಆಕ್ಸಲ್ ಬೇಕಿತ್ತು, ಬ್ರೇಕ್ ಸಮೇತ. ನೋಡಿದ ಎರಡರಲ್ಲಿ ಒಂದರ ಹಲ್ಲು ಸವೆದಿತ್ತು, ಇನ್ನೊಂದರ ಬ್ರೇಕ್ ಡ್ರಮ್ ಬಿರುಕು ಬಿಟ್ಟಿತ್ತು. ಕತ್ತಲೆ ಮೂಲೆಯ ಮೂರನೆಯದು ಅಳತೆಗೆ ಸರಿಯಾಗಿತ್ತು, ಬ್ರೇಕ್ ಲೈನರ್ ಹೊಸದರಂತಿತ್ತು. ಆದರೆ ಡ್ರಮ್ಮಿಗೆ ಕರಿದಾರ ಸುತ್ತಿ ಒಂಬತ್ತು ಗಂಟು ಹಾಕಿದ್ದರು. ಜೊತೆಗೊಂದು ಒಣಗಿದ ನಿಂಬೆಹಣ್ಣು, ಸುಟ್ಟ ಕೂದಲಿನ ವಾಸನೆ.

ಮಲ್ಲಿಕ್ ದನಿ ತಗ್ಗಿಸಿ ಕತೆ ಹೇಳಿದ. ಈ ಆಕ್ಸಲ್ ಇದ್ದ ಲಾರಿಯ ಕ್ಲೀನರ್ ಹೂವಪ್ಪ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದು ರಿವರ್ಸ್ ಹೇಳುತ್ತಿದ್ದನಂತೆ. ಬ್ರೇಕ್ ಕೆಟ್ಟಿದೆಯೆಂದು ಗೊತ್ತಿದ್ದೂ ಓಡಿಸಿದ ಯಜಮಾನ ಅವನನ್ನು ಗೋಡೆಗೆ ಅರೆದುಬಿಟ್ಟ. ಹೂವಪ್ಪನ ಹೆಂಡತಿ ಚೌಡಮ್ಮ ಮಾಟ ಮಾಡಿಸಿದಳು: ಈ ಚಕ್ರ ಯಾರ ಕೈ ಸೇರಿದರೂ ಅವರ ಸ್ವಂತದವರನ್ನೇ ಹೀಗೆ ತಿನ್ನಲಿ ಎಂದು. ಹೊಸ ಬ್ರೇಕ್ ಹಾಕಿಸಿದ ಮೇಲೂ ಯಜಮಾನನ ತಮ್ಮನನ್ನು ತಿಂದಿತು. ಆಮೇಲೆಯೇ ಅದನ್ನು ತಡೆಯಲು ಈ ದಾರದ ಕಟ್ಟು ಹಾಕಿಸಿದ್ದು.

“ದಾರ ಕಿತ್ರೆ, ಕಿತ್ತೋರೇ ವಾಪಸ್ ಕಟ್ಬೇಕು ಸರ್. ಬೇರೆಯೋರ ಕೈಲಿ ಆಗಲ್ಲ.”

“ನಿಮ್ಮಂಥೋರು ಇರೋದಕ್ಕೇ ಈ ಊರು ಹಿಂಗಿರೋದು” ಎಂದ ಶ್ರೇಯಸ್. ಚಾಕು ತೆಗೆದು ದಾರ ಕತ್ತರಿಸಿದ. ನಿಂಬೆಹಣ್ಣನ್ನು ಬೂಟಿನಲ್ಲಿ ಹೊಸಕಿದ.

ಆ ಆಕ್ಸಲ್ ಕೂರಿಸಿ ಹತ್ತು ದಿನಕ್ಕೆ ಲಾರಿ ಎದ್ದು ನಿಂತಿತು. ಗಾಜನೂರಿನ ತನಕ ಓಡಿಸಿ ನೋಡಿದ. ಬ್ರೇಕ್ ಅಂದರೆ ಬ್ರೇಕ್. ವಾಪಸ್ ಬಂದವನು ಹೊಸಮನೆ ಬಡಾವಣೆಯ ತನ್ನ ಕಾಂಪೌಂಡಿನಲ್ಲಿ ಲಾರಿಯನ್ನು ಹಿಂದಕ್ಕೆ ಬಿಡಬೇಕಿತ್ತು. ಹೆಂಡತಿ ಸಿರಿ ತಾನು ನೋಡಿ ಹೇಳುತ್ತೇನೆಂದು ಹೋಗಿ ಗೋಡೆಯ ಹತ್ತಿರ ನಿಂತಳು. ಮಲ್ಲಿಕನ ಮಾತು ನೆನಪಾಯಿತು. ಥೂ, ಪೆದ್ದ ನನ್ಮಗ, ಅಂದುಕೊಂಡ.

“ಬರ್ಲಿ… ಬರ್ಲಿ…”

ಗಂಡಸಿನ ದನಿ. ಪಕ್ಕದ ಮನೆಯವರಿರಬೇಕು. ಹಿಂದಕ್ಕೆ ಬಿಟ್ಟ. ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕನ್ನಡಿ ನೋಡಿದ. ಸಿರಿ ಒಬ್ಬಳೇ. ಎರಡೂ ಕೈ ಮೇಲೆತ್ತಿದ್ದಾಳೆ. ಬಾಯಿ ಹರಿಯುವಂತೆ ಕೂಗುತ್ತಿದ್ದಾಳೆ. ಆ ಬಾಯಿಂದಲೇ ಗಂಡಸಿನ ದನಿ. ಬರ್ಲಿ. ಬರ್ಲಿ. ಬ್ರೇಕ್ ತುಳಿದ. ಹಿಡಿಯಿತು. ಹಿಡಿದೂ ಚಕ್ರ ತಿರುಗಿತು. ಇನ್ನೊಂದೇ ಸುತ್ತು. ಆಮೇಲೆ ನಿಂತಿತು.

ಪರೀಕ್ಷಿಸಿದವರೆಲ್ಲ ಬ್ರೇಕ್ ಚೆನ್ನಾಗಿದೆ ಅಂದರು.

ಸಿರಿಯ ತಿಥಿ ಮುಗಿಸಿದ ಮರುದಿನ ಅವನೇ ಆ ಆಕ್ಸಲನ್ನು ಭದ್ರಾವತಿಗೆ ಹೊರಿಸಿಕೊಂಡು ಹೋದ. ಮಲ್ಲಿಕ್ ಒಳಗೆ ಹೋಗಿ ಬಂದ. ಕರಿದಾರ, ನಿಂಬೆಹಣ್ಣು ಕೈಗಿಟ್ಟ. ಯಾರನ್ನು ಕಂಡರೂ ಮೂಗು ಮುರಿಯುತ್ತಿದ್ದ ಮಹಾಶಯ ಆ ಎಣ್ಣೆಜಿಡ್ಡಿನ ನೆಲದ ಮೇಲೆ ಮಂಡಿಯೂರಿ ಎಂಟು ಗಂಟು ಹಾಕಿದ. ಒಂಬತ್ತನೆಯದಕ್ಕೆ ದಾರ ಎಳೆದಾಗ ಡ್ರಮ್ಮಿನ ಒಳಗಿನಿಂದ ದನಿ ಬಂತು. ಸಿರಿಯದು, ಅವಳದೇ ದನಿ. ಅವತ್ತು ಅವನಿಗೆ ಕೇಳಿಸದೇ ಹೋದದ್ದು.

“ಸಾಕು ರೀ… ಸಾಕು…”

ಕೈ ನಿಂತಿತು. ಮಲ್ಲಿಕ್‌ಗೆ ಏನೂ ಕೇಳಿಸಿರಲಿಲ್ಲ.

“ಇನ್ನೂ ಬಿಗೀರಿ ಸರ್” ಎಂದ.

ಶ್ರೇಯಸ್ ಬಿಗಿದ.