ಪೆರುಮಾಳನ ಮೊಳೆ

"ಆ ಮೊಳೆ ಒಂದ್ ಬಿಟ್ಟು ಏನಾರ ಕಿತ್ಕೊಳ್ಳಿ ಸಾಮಿ," ಎಂದಳು ನರಸಮ್ಮ. "ಅದ್ರಾಗೆ ನನ್ ಗಂಡ ಅವ್ನೆ."

ಮದರಾಸಿನಲ್ಲಿ ಬಿ.ಎ. ಮುಗಿಸಿ ಚಿನ್ನದ ಗಣಿಯ ಕಚೇರಿಗೆ ಹೊಸದಾಗಿ ಬಂದಿದ್ದ ಆದಿನಾರಾಯಣನಿಗೆ ನಗು ತಡೆಯಲಾಗಲಿಲ್ಲ. ಮಳೆ ಮುಗಿದು ಬೇತಮಂಗಲದ ಕೆರೆ ತುಂಬಿತ್ತು. ಗಣಿಯ ಬಿಳಿ ದೊರೆಗಳ ದೋಣಿವಿಹಾರ ಶುರುವಾಗುವ ಮುನ್ನ ಹಳೆಯ ದೋಣಿಯ ತುಕ್ಕು ಹಿಡಿದ ಮೊಳೆಗಳನ್ನು ಕಿತ್ತು ಅದನ್ನು ಸಜ್ಜುಗೊಳಿಸುವ ಕೆಲಸ ಅವನದು. ಅವನಿಗಿದ್ದ ಆಸ್ತಿಯೆಲ್ಲ ಗಂಟಲೊಂದೇ. ದೊರೆಯ ಕೆಮ್ಮು, ದೊರೆಸಾನಿಯ ಸೀನು, ಅವರ ನಾಯಿಯ ಆಕಳಿಕೆಯನ್ನೂ ಬಿಡದೆ ಅನುಕರಿಸಿ ಕಚೇರಿಯನ್ನು ನಗಿಸುತ್ತಿದ್ದ. ಅದಿಲ್ಲದಿದ್ದರೆ ತನ್ನತ್ತ ಯಾರೂ ತಿರುಗಿಯೂ ನೋಡರೆಂದು ಅವನಿಗೆ ಗೊತ್ತಿತ್ತು.

"ಗಂಡನಿಗೇ ಮೊಳೆ ಹೊಡೆಸಿದ್ದೀಯಾ? ಸಂಸಾರ ಗಟ್ಟಿಯಾಗಿದೆ ಬಿಡಮ್ಮ."

ನರಸಮ್ಮ ನಗದೆ ನಡೆದದ್ದನ್ನು ಹೇಳಿದಳು. ಅಂಬಿಗ ಪೆರುಮಾಳ್ ಈ ದೋಣಿಯಿಂದಲೇ ಬಿದ್ದು ಸತ್ತಿದ್ದ. ಸತ್ತ ಮೇಲೂ ಹೊತ್ತಿಳಿದರೆ ದೋಣಿಯೊಳಗಿಂದ ಕರೆಯುತ್ತಿದ್ದ. ಕೇಳಿದವರು ನೀರಿಗೆ ನಡೆದುಬಿಡುತ್ತಿದ್ದರು. ಕೊನೆಗೆ ಅವಳೇ ಮಂತ್ರವಾದಿಯನ್ನು ಕರೆಸಿ, ಗಂಡನ ಕೂದಲು ಸುತ್ತಿದ ಮೊಳೆಯನ್ನು ತಳದ ಹಲಗೆಗೆ ಹೊಡೆಸಿ ಅವನನ್ನು ಕಟ್ಟಿಹಾಕಿದ್ದಳು.

"ಏನಂತ ಕರೀತಿದ್ದ?"

"ಬರೋರು ಬನ್ರೋ, ದೋಣಿ ಬಿಡ್ತೀನಿ, ಅಂತ."

ಆದಿನಾರಾಯಣ ಗಂಟಲು ಸರಿಮಾಡಿಕೊಂಡು ಅದನ್ನೇ ಎಳೆದೆಳೆದು ಕೂಗಿದ. ನರಸಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಅವನ್ದೇ ದನಿ," ಎಂದಳು. "ನೀವು ಎಲ್ಲಿ ಕೇಳಿದ್ರಿ?"

ಹೊಗಳಿಕೆಯೆಂದು ಅವನು ಹಿಗ್ಗಿದ. ಬೋರಲು ಹಾಕಿದ್ದ ದೋಣಿಯ ಮೇಲೆ ಬಗ್ಗಿ, ಇಕ್ಕಳದಿಂದ ಮೊಳೆಯನ್ನು ಕಿತ್ತೆಸೆದ. ದೋಣಿಗೆ ಬಳಿಯಲು ಕಾಯಿಸಿದ್ದ ಟಾರಿನ ವಾಸನೆಯನ್ನು ಕೊಳೆತ ಪಾಚಿಯ ನಾತ ನುಂಗಿತು. ವಾರದಿಂದ ಬಿಸಿಲಿಗೆ ಒಣಗಿದ್ದ ಹಲಗೆಯ ತೂತಿನಿಂದ ನೀರು ಜಿನುಗಿತು.

ಹೊತ್ತು ಮುಳುಗಿತು. ಕಪ್ಪೆಗಳು ಒಮ್ಮೆಗೇ ಸುಮ್ಮನಾದವು.

"ಬರೋರು ಬನ್ರೋ…"

ದೋಣಿಯೊಳಗಿಂದ. ಆದಿನಾರಾಯಣನದೇ ದನಿಯಲ್ಲಿ.

ನಗಲು ಹೋದ. ಸದ್ದಿಲ್ಲ. ಚೀರಿದ. ಸದ್ದಿಲ್ಲ. ಕಾಲುಗಳು ತಾವೇ ನಡೆದವು. ಕೆಸರು. ನೀರು. ಮೊಣಕಾಲು. ಸೊಂಟ. ಎದೆ.

ನರಸಮ್ಮ ತಡಕಾಡಿ ಮೊಳೆಯನ್ನು ಹುಡುಕಿದಳು. ತೂತಿಗಿಟ್ಟಳು. ಸುತ್ತಿಗೆ ಎತ್ತಿದಳು.

ದೋಣಿ ಅಳತೊಡಗಿತು. "ಬೇಡಮ್ಮ. ನಾನು ಆದಿನಾರಾಯಣ. ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಹೊಡೀಬೇಡಮ್ಮ."

ಕತ್ತಿನವರೆಗಿನ ನೀರಿನಲ್ಲಿ ಆದಿನಾರಾಯಣ ಕೈಯೆತ್ತಿದ. ಹೊಡೆ ಎಂದೋ ಬೇಡವೆಂದೋ ಅವನಿಗೇ ತಿಳಿಯದು.

"ಅವತ್ತು ನನ್ ಗಂಡಾನೂ ಇಂಗೇ ಅಂದಿದ್ದ," ಎಂದು ನರಸಮ್ಮ ಸುತ್ತಿಗೆ ಬೀಸಿದಳು.

ಅವನ ಕಾಲುಗಳು ನಿಂತವು. ದೋಣಿಯೊಳಗಿನ ದನಿಯೂ ನಿಂತಿತು. ದಡಕ್ಕೆ ತೆವಳಿ ಬಂದು ಅವನು ಎಷ್ಟು ಬಾಯಿ ತೆರೆದರೂ ಆ ದನಿ ಮತ್ತೆ ಬರಲಿಲ್ಲ.