ಏಳನೆಯ ಊರಲ್ಲಿ ಒಡೆದ ಕುಡಿಕೆಗಳು

ಬಹಳ ಹಿಂದೆ ಏಳೂರು ಎಂಬ ರಾಜ್ಯವಿತ್ತು. ಅದರ ಕೊನೆಯ ಊರಾದ ಕಡೆಹಳ್ಳಿಯಲ್ಲಿ ಒಂದು ಬೆಳಿಗ್ಗೆ ಬೊಮ್ಮಕ್ಕ ರೊಟ್ಟಿ ತಟ್ಟುತ್ತಿದ್ದಳು. ಅವಳ ಗಂಡ ಸಂಕಣ್ಣ ಜಗಲಿಯಲ್ಲಿ ಕೂತು ಒಂದು ಹುಣಸೆ ಬೀಜವನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದ. ಅಂದು ಪಟ್ಟದಾನೆ ಬರುವ ದಿನ.

ಆ ರಾಜ್ಯದಲ್ಲಿ ಅರಸನನ್ನು ಜನರೇ ಆರಿಸುತ್ತಿದ್ದರು. ಪಟ್ಟ ಬಯಸಿದವರು ಆನೆಯ ಹಿಂದೆ ಊರಿಂದೂರಿಗೆ ನಡೆಯುತ್ತಿದ್ದರು. ಪ್ರತಿ ಊರಿನವರೂ ಮೆಚ್ಚಿದವನ ಕುಡಿಕೆಗೆ ಒಂದೊಂದು ಹುಣಸೆ ಬೀಜ ಹಾಕುತ್ತಿದ್ದರು. ಸಂಜೆ ಕುಡಿಕೆ ಒಡೆದು ಎಣಿಸಿ, ಕಡಿಮೆ ಬಿದ್ದವರನ್ನು ಮನೆಗೆ ಕಳಿಸುತ್ತಿದ್ದರು. ಉಳಿದವರು ಮುಂದಿನ ಊರಿಗೆ ಹೋಗುತ್ತಿದ್ದರು.

ಅಂದು ಆನೆಯ ಹಿಂದೆ ಬಂದವನು ಒಬ್ಬನೇ, ಅರಸ ಕಿರಾಳ. ಅವನು ಮಾಟಗಾರ. ಅವನ ಮಾಟದ ಮಂಜು ಒಂದೇ ಊರನ್ನು ಕವಿಯಬಲ್ಲದಾಗಿತ್ತು. ಅದು ಕವಿದ ಊರಲ್ಲಿ ಹೆಚ್ಚಿನವರು ಅವನ ಕುಡಿಕೆಗೇ ಬೀಜ ಹಾಕುತ್ತಿದ್ದರು. ಪ್ರತಿ ಸಲವೂ ಅದನ್ನು ಮೊದಲ ಊರಿನ ಮೇಲೆ ಹರಡುತ್ತಿದ್ದ. ಎರಡನೆಯ ಊರಿಗೆ ಮಾಟ ಬೇಕಾಗುತ್ತಿರಲಿಲ್ಲ, ಸುದ್ದಿಯೇ ಸಾಕಾಗುತ್ತಿತ್ತು.

ಬೀಜ ಹಿಡಿದು ಕುಡಿಕೆಯ ಮುಂದೆ ನಿಂತ ಸಂಕಣ್ಣ ಕೇಳಿದ: "ಸ್ವಾಮಿ, ಇರೋದು ಒಂದೇ ಕುಡಿಕೆ. ನಾನು ಆರಿಸೋದು ಏನನ್ನ?"

"ನಿಂತು ಯೋಚನೆ ಮಾಡು," ಎಂದ ಕಿರಾಳ. "ನಾನು ಪಟ್ಟದಲ್ಲಿರೋ ತನಕ ನಿನಗೆ ಬೇಕಾದಷ್ಟು ಹೊತ್ತಿದೆ."

ಸಂಕಣ್ಣ ನಿಂತಲ್ಲೇ ಕಲ್ಲಾದ.

ಬೊಮ್ಮಕ್ಕ ದಿನಾ ಬೆಳಿಗ್ಗೆ ಆ ಕಲ್ಲನ್ನು ತೊಳೆಯುತ್ತಿದ್ದಳು. ಅಡಿಗೆ ಏನೆಂದು ಅದಕ್ಕೆ ಹೇಳುತ್ತಿದ್ದಳು. ಆಮೇಲೊಂದು ದಿನ ಏಳೂರ ಸಭೆಗೆ ಹೋದಳು. ಸಭೆ ಒಪ್ಪಿದರೆ ಪದ್ಧತಿಯನ್ನು ಬದಲಿಸಬಹುದಿತ್ತು. ಅದನ್ನು ಅರಸನೂ ತಡೆಯುವಂತಿರಲಿಲ್ಲ.

ಮೊದಲ ಸಲ ಹೇಳಿದಳು: "ಏಳೂರಲ್ಲೂ ಒಂದೇ ದಿನ ಬೀಜ ಹಾಕೋಣ."

ಬೆಟ್ಟದೂರಿನ ಮುದುಕ ತಲೆ ಅಲ್ಲಾಡಿಸಿದ. "ಕುದುರೆ ಇದ್ದೋನು ಏಳೂರಿಗೂ ಮುಖ ತೋರಿಸ್ತಾನೆ, ತಾಯಿ. ಬರೀ ಕಾಲಿರೋನು? ಒಂದೊಂದೇ ಊರಿಗೆ ನಡೆದು ಬಂದ್ರೆ ತಾನೇ ಅವನ ಮಾತು ನಮಗೆ ಕೇಳೋದು?"

ಅದು ನಿಜವೆಂದು ಬೊಮ್ಮಕ್ಕನಿಗೆ ಅನ್ನಿಸಿತು. ಅವಳು ಹಿಂದಿರುಗಿದಳು.

ಎರಡನೆಯ ಸಲ ಹೇಳಿದಳು: "ಹಾಗಾದರೆ ನಮ್ಮೂರಿಂದ ಶುರು ಮಾಡಿ."

"ಆಹಾ! ಮಂಜು ನಿಮ್ಮೂರಿಗೆ ಬರುತ್ತೆ, ಕಂಬಳಿ ಹೊದ್ದುಕೊಂಡಿರು!" ಎಂದ ಎರಡನೆಯ ಊರಿನ ಗೌಡ. ಸಭೆ ನಕ್ಕಿತು. ಅವನು ಮಾತ್ರ ಬೇಗ ನಗು ನಿಲ್ಲಿಸಿದ. "ನಮ್ಮ ಮೇಲೆ ಮಾಟ ಇಲ್ಲಮ್ಮ. ಆದರೂ ಮೊದಲ ಊರಿನ ಎಣಿಕೆ ಕಿವಿಗೆ ಬಿದ್ದಮೇಲೆ, ಗೆಲ್ಲೋನ ಜೊತೆಗಿರೋಣ ಅನ್ಸುತ್ತೆ."

ಆ ಮಾತನ್ನು ಅವಳು ಮನೆಯವರೆಗೂ ಯೋಚಿಸುತ್ತಾ ಬಂದಳು.

ಮೂರನೆಯ ಸಲ ಹೇಳಿದಳು: "ನಡಿಗೆ ಇರಲಿ, ಸರದಿ ಇರಲಿ. ಕುಡಿಕೆ ಮಾತ್ರ ಏಳನೆಯ ಊರಿನ ತನಕ ಒಡೆಯೋದು ಬೇಡ. ಅಲ್ಲೀತನಕ ಯಾರನ್ನೂ ಮನೆಗೆ ಕಳಿಸೋದೂ ಬೇಡ."

"ದಾರೀಲಿ ಕುಡಿಕೆ ಕಾಯೋರು ಯಾರು?" ಎಂದ ಮುದುಕ.

"ನಾನು," ಎಂದಿತು ಹೊರಗೆ ನಿಂತಿದ್ದ ಪಟ್ಟದಾನೆ. ಅಗತ್ಯ ಬಿದ್ದಾಗ ಅದು ಮಾತಾಡುತ್ತಿತ್ತು.

ಸಭೆ ಒಪ್ಪಿತು. ಕಿರಾಳ ನಕ್ಕ. "ಮೊದಲ ಊರು ನನ್ನದೇ. ಏನು ಬೇಕಾದರೂ ಮಾಡ್ಕೊಳ್ಳಿ."

ಪಟ್ಟದ ಅವಧಿ ಮುಗಿದಾಗ ಅವನು ಮತ್ತೆ ಮೊದಲ ಊರಿನ ಮೇಲೆ ಮಂಜು ಹರಡಿದ. ಅಲ್ಲಿಯ ಹೆಚ್ಚಿನ ಬೀಜಗಳು ಅವನ ಕುಡಿಕೆಗೇ ಬಿದ್ದವು. ಆದರೆ ಎಷ್ಟು ಬಿದ್ದವೆಂದು ಎರಡನೆಯ ಊರಿಗೆ ತಿಳಿಯಲಿಲ್ಲ. ಗೌಡ ಕುಡಿಕೆಗಳ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ತನಗೆ ಸರಿ ಕಂಡವನಿಗೆ ಹಾಕಿದ.

ಕಡೆಹಳ್ಳಿಗೆ ಆನೆಯ ಹಿಂದೆ ಎಲ್ಲರೂ ಬಂದರು. ಬೊಮ್ಮಕ್ಕ ಬಾಳಿನಲ್ಲಿ ಮೊದಲ ಸಲ ಯಾವ ಕುಡಿಕೆಗೆಂದು ಯೋಚಿಸಿ ಬೀಜ ಹಾಕಿದಳು. ಸಂಜೆ ಕುಡಿಕೆಗಳನ್ನು ಒಡೆದರು. ಕಿರಾಳನಿಗೆ ಒಂದೂರಿನ ಬೀಜಗಳಿದ್ದವು, ಬೇರೆಯವು ಬೆರಳೆಣಿಕೆಯಷ್ಟು. ಪ್ರತಿ ಸಲ ಮೊದಲ ಊರಿಂದಲೇ ಮನೆಗೆ ಹೋಗುತ್ತಿದ್ದ ಜಕ್ಕಣ್ಣ ಎಂಬ ಕುದುರೆಯಿಲ್ಲದ ಬಡವ ಗೆದ್ದ. ಕಿರಾಳ ತನ್ನದೇ ಮಂಜಿನಲ್ಲಿ ಕರಗಿಹೋದ.

ಕಲ್ಲು ಸೀನಿತು.

"ಇನ್ನೂ ಯೋಚನೆ ಮಾಡ್ತಾ ಇದ್ದೆ," ಎಂದ ಸಂಕಣ್ಣ. "ನೀನು ಯಾರಿಗೆ ಹಾಕಿದೆ?"

"ಹೇಳೋದಿಲ್ಲ," ಎಂದಳು ಬೊಮ್ಮಕ್ಕ. ಅಳುತ್ತಲೇ ನಕ್ಕಳು.

ಅಂದಿನಿಂದ ಏಳೂ ಊರುಗಳು ನೆಮ್ಮದಿಯಿಂದ ಬಾಳಿದವು, ಅವರಿಬ್ಬರೂ ಹಾಗೆಯೇ ಬಾಳಿದರು.

ಕಲ್ಲು ಸೀನಿದ ಆ ಸಂಜೆ ಸಂಕಣ್ಣ ಬಲಗೈ ಮುಷ್ಟಿ ಬಿಚ್ಚಿದಾಗ ಒಳಗೆ ಹುಣಸೆ ಬೀಜ ಹಾಗೆಯೇ ಇತ್ತು.